ಅರಬ್ಬಿ ಬರೆಹ ಕೌಶಲದ ಬೋಧನೆಯಲ್ಲಿ ಪದದಾಟಗಳು: ಲಿಪಿ, ಧಾತು ಮತ್ತು ವಾಕ್ಯದ ನೆಲೆಗಳು

ಸಾರಾಂಶ

ಭಾಷಾಬೋಧನೆಯಲ್ಲಿ ಪದದಾಟಗಳ ಬಳಕೆ ಹೊಸತಲ್ಲ. ಆದರೆ ಒಂದು ಲಿಪಿಗೆಂದು ರೂಪುಗೊಂಡ ಆಟವನ್ನು ಇನ್ನೊಂದು ಲಿಪಿಗೆ ಹಾಗೆಯೇ ತಂದಾಗ ಕಲಿಸಬೇಕಾದುದೇ ತಪ್ಪಿಹೋಗುವ ಸಂಭವವಿದೆ. ಅರಬ್ಬಿಯಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹ್ರಸ್ವಸ್ವರಗಳು ಸಾಮಾನ್ಯ ಬರೆಹದಲ್ಲಿ ಕಾಣಿಸುವುದಿಲ್ಲ. ಪದಗಳು ವ್ಯಂಜನಧಾತುಗಳಿಂದ ಹುಟ್ಟುತ್ತವೆ. ಬರೆಯುವ ಭಾಷೆ ಮನೆಮಾತಿಗಿಂತ ಭಿನ್ನವಾಗಿದೆ. ಬರೆಯುವವರು ಮಾಡಬೇಕಾದ ನಿರ್ಧಾರವನ್ನೇ ಆಟದ ಪ್ರತಿಯೊಂದು ನಡೆಯೂ ಬೇಡುವಂತಿದ್ದರೆ ಮಾತ್ರ ಆ ಆಟ ಬರೆಹವನ್ನು ಕಲಿಸುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಈ ನಿಲುವಿನಿಂದ ಐದು ಆಟಗಳನ್ನು ವಿವರಿಸಿ, ಕನ್ನಡ ಭಾಷಿಕ ಕಲಿಕಾರ್ಥಿಗಳಿಗೆ ಸಂಬಂಧಿಸಿದ ವಿಶೇಷ ಅಂಶಗಳನ್ನು ಚರ್ಚಿಸಲಾಗಿದೆ.

ಪ್ರಮುಖ ಪದಗಳು: ಅರಬ್ಬಿ ಲಿಪಿ, ಬರೆಹ ಕೌಶಲ, ಪದದಾಟ, ಧಾತು ಮತ್ತು ಅಚ್ಚು, ಭಾಷಾಬೋಧನೆ, ಎರವಲು ಪದ

1. ಪೀಠಿಕೆ

ಇತಿಹಾಸಕಾರ ಇಬ್ನ್ ಖಲ್ದೂನ್ (1332–1406) ತನ್ನ ‘ಮುಕದ್ದಿಮ’ದಲ್ಲಿ ಭಾಷಾಬೋಧನೆಯ ಕುರಿತು ಇಂದಿಗೂ ಪ್ರಸ್ತುತವಾದ ಒಂದು ಮಾತನ್ನು ಹೇಳುತ್ತಾನೆ. ವ್ಯಾಕರಣಶಾಸ್ತ್ರವನ್ನು ಆಳವಾಗಿ ಬಲ್ಲ ಎಷ್ಟೋ ಮಂದಿ ಆಪ್ತರಿಗೆ ಎರಡು ಸಾಲು ಬರೆಯಬೇಕಾಗಿ ಬಂದಾಗ ತಪ್ಪುಗಳನ್ನು ಮಾಡುತ್ತಾರೆ ಎಂಬುದು ಅವನ ಅವಲೋಕನ. ಹೊಲಿಗೆಯ ವಿಧಾನವನ್ನು ಬಾಯಿಮಾತಿನಲ್ಲಿ ವಿವರಿಸಬಲ್ಲವನಿಗೆ ಸೂಜಿ ಹಿಡಿದು ಹೊಲಿಯಲು ಬಾರದಿರಬಹುದು; ಭಾಷೆಯ ನಿಯಮಗಳನ್ನು ಬಲ್ಲವನ ಸ್ಥಿತಿಯೂ ಹಾಗೆಯೇ. ನಿಯಮಗಳ ಜ್ಞಾನದಿಂದ ಬೇರೆಯಾದ, ಪುನಃ ಪುನಃ ಮಾಡಿದ ಅಭ್ಯಾಸದಿಂದ ಮೈಗೂಡುವ ಈ ಸಾಮರ್ಥ್ಯವನ್ನು ಅವನು ‘ಮಲಕ’ ಎಂದು ಕರೆದನು. ಅದೇ ಕೃತಿಯಲ್ಲಿ, ಮಕ್ಕಳ ಓದನ್ನು ಕುರಾನಿಗಷ್ಟೇ ಸೀಮಿತಗೊಳಿಸಿದ ಮಗ್ರಿಬ್ ಪ್ರದೇಶಕ್ಕಿಂತ, ಅದರ ಜೊತೆಗೆ ಕಾವ್ಯ, ಪತ್ರಲೇಖನ, ವ್ಯಾಕರಣ ಮತ್ತು ಕೈಬರಹಗಳನ್ನೂ ಆರಂಭದಿಂದಲೇ ಕಲಿಸುತ್ತಿದ್ದ ಅಂದಲೂಸಿಯದಲ್ಲಿ ಭಾಷಾಸಾಮರ್ಥ್ಯ ಹೆಚ್ಚಾಗಿತ್ತೆಂದು ಅವನು ಗುರುತಿಸುತ್ತಾನೆ.

ಈ ಅಂತರ ಇಂದಿಗೂ ಉಳಿದಿದೆ. ಸ್ವರಚಿಹ್ನೆಗಳಿರುವ ಪಠ್ಯವನ್ನು ನಿರರ್ಗಳವಾಗಿ ಓದಬಲ್ಲ, ಪಾಠವನ್ನು ಒಪ್ಪಿಸಬಲ್ಲ ವಿದ್ಯಾರ್ಥಿಗೆ ತನ್ನದೇ ಆದ ಒಂದು ವಾಕ್ಯವನ್ನು ಬರೆಯುವುದು ಕಷ್ಟವಾಗುತ್ತದೆ. ಓದುವವರ ಕಣ್ಣಿಗೆ ಅಕ್ಷರದ ಸರಿಯಾದ ರೂಪ ಸಿದ್ಧವಾಗಿ ಒದಗುತ್ತದೆ. ಬರೆಯುವವರು ಅದನ್ನು ತಾವೇ ಆರಿಸಬೇಕು. ಆದುದರಿಂದ ಬರೆಹವನ್ನು ನಿರ್ಧಾರಗಳ ಸರಣಿಯೆಂದು ಭಾವಿಸುವುದು ಉಚಿತ. ಆಟವೂ ನಿರ್ಧಾರಗಳ ಸರಣಿಯೇ. ಇವೆರಡೂ ಎಲ್ಲಿ ಕೂಡುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಬರೆಯುವವರ ಮುಂದಿರುವ ನಿರ್ಧಾರಗಳು

ಅರಬ್ಬಿ ವರ್ಣಮಾಲೆಯಲ್ಲಿ 28 ಅಕ್ಷರಗಳಿವೆ. ಬಲದಿಂದ ಎಡಕ್ಕೆ ಬರೆಯುವಾಗ ಇವುಗಳಲ್ಲಿ ಹೆಚ್ಚಿನವು ಮುಂದಿನ ಅಕ್ಷರದೊಡನೆ ಕೂಡಿಕೊಳ್ಳುತ್ತವೆ. ಆದ್ದರಿಂದ ಪದದ ಆದಿ, ಮಧ್ಯ, ಅಂತ್ಯ ಮತ್ತು ಬಿಡಿ ಎಂಬ ನಾಲ್ಕು ಸ್ಥಾನಗಳಿಗೆ ತಕ್ಕಂತೆ ಅಕ್ಷರದ ರೂಪ ಬದಲಾಗುತ್ತದೆ. ಅಲಿಫ್, ದಾಲ್, ಧಾಲ್, ರಾ, ಜಾಯ್, ವಾವ್ ಎಂಬ ಆರು ಅಕ್ಷರಗಳು ಮಾತ್ರ ತಮ್ಮ ಮುಂದಿನ ಅಕ್ಷರವನ್ನು ಕೂಡಿಕೊಳ್ಳುವುದಿಲ್ಲ. ಮನೆ ಎಂಬರ್ಥದ ಎರಡು ಪದಗಳನ್ನು ಗಮನಿಸಬಹುದು. ‘ದಾರ್’ ಪದದ ಮೂರು ಅಕ್ಷರಗಳೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಬೈತ್’ ಪದದ ಮೂರು ಅಕ್ಷರಗಳೂ ಒಂದೇ ಗೆರೆಯಲ್ಲಿ ಕೂಡುತ್ತವೆ.

ಎರಡನೆಯ ನಿರ್ಧಾರ ಚುಕ್ಕೆಗಳದು. 28 ಅಕ್ಷರಗಳಲ್ಲಿ 15ಕ್ಕೆ ಚುಕ್ಕೆಗಳಿವೆ, 13ಕ್ಕೆ ಇಲ್ಲ. ಹಲವು ಅಕ್ಷರಗಳ ಮೂಲರೇಖೆ ಒಂದೇ ಆಗಿದ್ದು, ಚುಕ್ಕೆಯ ಸಂಖ್ಯೆ ಮತ್ತು ಸ್ಥಾನಗಳೇ ಅವುಗಳನ್ನು ಬೇರ್ಪಡಿಸುತ್ತವೆ. ‘ಬೈತ್’ ಪದದ ಗೆರೆಯನ್ನು ಹಾಗೆಯೇ ಇಟ್ಟು ಚುಕ್ಕೆಗಳನ್ನು ಬದಲಿಸಿದರೆ ‘ಬಿಂತ್’ (ಮಗಳು), ‘ನಬ್ತ್’ (ಸಸ್ಯ) ಎಂಬ ಪದಗಳಾಗುತ್ತವೆ. ‘ಜಮಲ್’ (ಒಂಟೆ) ಮತ್ತು ‘ಹಿಮ್ಲ್’ (ಹೊರೆ) ಪದಗಳ ಲಿಖಿತ ರೂಪಗಳ ನಡುವೆ ಇರುವುದು ಒಂದೇ ಒಂದು ಚುಕ್ಕೆಯ ವ್ಯತ್ಯಾಸ.

ಮೂರನೆಯದು ಕಿವಿಗೂ ಕೈಗೂ ಇರುವ ವ್ಯತ್ಯಾಸ. ‘ಕತಬ’ (ಬರೆದನು), ‘ಕುತಿಬ’ (ಬರೆಯಲ್ಪಟ್ಟಿತು), ‘ಕುತುಬ್’ (ಪುಸ್ತಕಗಳು) ಇವು ಮೂರೂ ಸಾಮಾನ್ಯ ಬರೆಹದಲ್ಲಿ ಕ-ತ-ಬ ಎಂಬ ಮೂರೇ ವ್ಯಂಜನಗಳಾಗಿ ಕಾಣಿಸುತ್ತವೆ. ಇದಕ್ಕೆ ವಿರುದ್ಧವಾಗಿ, ಉಚ್ಚಾರದಲ್ಲಿ ಇಲ್ಲದ ಅಕ್ಷರಗಳನ್ನು ಬರೆಯಬೇಕಾದ ಸಂದರ್ಭಗಳೂ ಇವೆ. ‘ಅದ್ದರ್ಸ್’ (ಪಾಠ) ಎಂದು ಕೇಳಿಸುವ ಪದದಲ್ಲಿ ‘ಅಲ್’ ಎಂಬ ನಿರ್ದೇಶಕದ ಲಾಮ್ ಅಕ್ಷರವನ್ನು ಬರೆಯಲೇಬೇಕು. ‘ಕತಬೂ’ (ಬರೆದರು) ಎಂಬ ಬಹುವಚನ ಕ್ರಿಯಾಪದದ ಕೊನೆಯಲ್ಲಿ ಉಚ್ಚಾರವಿಲ್ಲದ ಒಂದು ಅಲಿಫ್ ಇರಬೇಕು.

ನಾಲ್ಕನೆಯದು ಭಾಷೆಯ ಆಯ್ಕೆ. ಚಾರ್ಲ್ಸ್ ಫರ್ಗುಸನ್ 1959ರಲ್ಲಿ ‘ಡೈಗ್ಲಾಸಿಯ’ ಎಂಬ ಪರಿಕಲ್ಪನೆಯನ್ನು ವಿವರಿಸಿದಾಗ ಆಯ್ದುಕೊಂಡ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಬರೆಹಕ್ಕೆ ಮತ್ತು ಔಪಚಾರಿಕ ಸಂದರ್ಭಗಳಿಗೆ ‘ಫುಸ್‌ಹಾ’ ಎಂಬ ಶಿಷ್ಟರೂಪ. ಮನೆ, ಬೀದಿ, ಆಟದ ಬಯಲುಗಳಿಗೆ ಆಯಾ ಪ್ರದೇಶದ ಆಡುಮಾತು. ‘ನನಗೆ ಬೇಕು’ ಎನ್ನಲು ಕೈರೋದ ಬಾಲಕ ‘ಆಯಿಜ್’ ಎಂದೂ ದಮಸ್ಕಸ್‌ನ ಬಾಲಕ ‘ಬಿದ್ದೀ’ ಎಂದೂ ಮೊರಾಕೊದ ಬಾಲಕ ‘ಬ್ಗೀತ್’ ಎಂದೂ ಹೇಳುತ್ತಾನೆ. ಬರೆಯುವಾಗ ಮೂವರೂ ‘ಉರೀದು’ ಎಂದು ಬರೆಯಬೇಕು. ಗ್ರಾಂಥಿಕ ಕನ್ನಡಕ್ಕೂ ತಮ್ಮ ಊರಿನ ಕನ್ನಡಕ್ಕೂ ಇರುವ ದೂರವನ್ನು ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು. ಅರಬ್ಬಿಯಲ್ಲಿ ಆ ದೂರ ಇನ್ನೂ ಹೆಚ್ಚು.

3. ಪರಂಪರೆಯಲ್ಲಿ ಪದದಾಟ

ಅಕ್ಷರಗಳೊಡನೆ ಆಡುವುದು ಅರಬ್ಬಿ ವಿದ್ವತ್ಪರಂಪರೆಗೆ ಹೊರಗಿನದಲ್ಲ. 8ನೆಯ ಶತಮಾನದಲ್ಲಿ ಬಸ್ರಾದ ಅಲ್-ಖಲೀಲ್ ಇಬ್ನ್ ಅಹ್ಮದ್ ‘ಕಿತಾಬುಲ್ ಐನ್’ ಎಂಬ ನಿಘಂಟನ್ನು ಯೋಜಿಸಿದಾಗ ಧಾತುವಿನ ವ್ಯಂಜನಗಳ ಪಲ್ಲಟನೆಯನ್ನೇ ಆಧಾರವಾಗಿಟ್ಟುಕೊಂಡನು. ಎರಡು ವ್ಯಂಜನಗಳಿಗೆ 2, ಮೂರಕ್ಕೆ 6, ನಾಲ್ಕಕ್ಕೆ 24, ಐದಕ್ಕೆ 120 ಸಾಧ್ಯತೆಗಳು. ಅವುಗಳಲ್ಲಿ ಬಳಕೆಯಲ್ಲಿರುವುವು ಯಾವುವು, ಇಲ್ಲದಿರುವುವು ಯಾವುವು ಎಂದು ವಿಂಗಡಿಸುವುದು ಅವನ ಕ್ರಮ. ಬಸ್ರಾದವನೇ ಆದ ಅಲ್-ಹರೀರಿ (1054–1122) ತನ್ನ ‘ಮಕಾಮಾತ್’ ಕೃತಿಯಲ್ಲಿ ಚುಕ್ಕೆಯಿಲ್ಲದ ಅಕ್ಷರಗಳಿಂದಲೇ ಒಂದು ಉಪದೇಶವನ್ನೂ, ಚುಕ್ಕೆಯುಳ್ಳ ಪದ ಮತ್ತು ಚುಕ್ಕೆಯಿಲ್ಲದ ಪದಗಳು ಒಂದನ್ನು ಬಿಟ್ಟು ಒಂದು ಬರುವ ಪತ್ರವನ್ನೂ ರಚಿಸಿದನು. ಒಬ್ಬರು ಹೇಳಿದ ಪದ್ಯದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ್ಯ ಆರಂಭಿಸುವ ‘ಮುತಾರಹ’ ನಮ್ಮ ಅಂತ್ಯಾಕ್ಷರಿಯನ್ನು ನೆನಪಿಸುತ್ತದೆ. ಪಾಠದ ಬಳಿಕ ಮಗುವಿಗೆ ಆಟಕ್ಕೆ ಅವಕಾಶವಿರಬೇಕು, ಇಲ್ಲವಾದರೆ ಅದರ ಮನಸ್ಸು ಬಾಡಿ ಬುದ್ಧಿ ಮೊಂಡಾಗುತ್ತದೆ ಎಂಬ ಆಶಯವನ್ನು ಅಲ್-ಗಜಾಲಿಯೂ (ಮರಣ 1111) ವ್ಯಕ್ತಪಡಿಸಿದ್ದಾನೆ.

ಈ ಪರಂಪರೆಯ ಆಟಗಳು ಅರಬ್ಬಿಯ ಸ್ವಭಾವದಿಂದಲೇ ಹುಟ್ಟಿದವು. ಇಂದು ತರಗತಿಗಳಲ್ಲಿ ಬಳಸುವ ಪದಬಂಧ ಮತ್ತು ಅಕ್ಷರಬಿಲ್ಲೆಗಳ ಆಟಗಳು ಬಿಡಿ ಅಕ್ಷರಗಳ ಮುದ್ರಿತ ಲಿಪಿಗಳಿಗೆ ಹೊಂದಿ ಬೆಳೆದವು. ಅರಬ್ಬಿ ಪದಬಂಧದ ಚೌಕಗಳಲ್ಲಿ ಪ್ರತಿ ಅಕ್ಷರವನ್ನೂ ಅದರ ಬಿಡಿರೂಪದಲ್ಲಿ ತುಂಬಬೇಕಾಗುತ್ತದೆ. ಲಿಪಿಯನ್ನು ಚೆನ್ನಾಗಿ ಬಲ್ಲವರಿಗೆ ಇದರಿಂದ ತೊಂದರೆಯಿಲ್ಲ, ಪದಸಂಪತ್ತು ಬೆಳೆಯುತ್ತದೆ. ಆದರೆ ಹೊಸ ಕಲಿಕಾರ್ಥಿ ಬರೆಯಬೇಕಾದ ಕೂಡುರೂಪವನ್ನು ಈ ಆಟ ಒಮ್ಮೆಯೂ ಕೇಳುವುದಿಲ್ಲ. ಚೌಕ ತುಂಬಿದ ಮೇಲೆ ಅದೇ ಪದವನ್ನು ಕೂಡುಬರಹದಲ್ಲಿ ಪಕ್ಕದಲ್ಲಿ ಬರೆದಾಗ ಮಾತ್ರ ಅಂಕ ದೊರೆಯುವಂತೆ ನಿಯಮವನ್ನು ತಿದ್ದಿದರೆ ಈ ಕೊರತೆ ನೀಗುತ್ತದೆ.

4. ಐದು ಆಟಗಳು

4.1. ಪಲ್ಲಟನೆಯ ಆಟ. ಅಲ್-ಖಲೀಲನ ಕ್ರಮವನ್ನೇ ತರಗತಿಗೆ ಇಳಿಸಬಹುದು. ಬಾ, ಹಾ, ರಾ ಎಂಬ ಮೂರು ಅಕ್ಷರಗಳನ್ನು ಕೊಟ್ಟು ಆರು ಅನುಕ್ರಮಗಳಲ್ಲಿ ಪದಗಳನ್ನು ಬರೆಯಲು ಹೇಳಬೇಕು. ‘ಬಹ್ರ್’ (ಸಮುದ್ರ), ‘ಹಿಬ್ರ್’ (ಶಾಯಿ), ‘ಹರ್ಬ್’ (ಯುದ್ಧ), ‘ರಿಬ್ಹ್’ (ಲಾಭ), ‘ರಹ್ಬ್’ (ವಿಶಾಲ) ಮತ್ತು ‘ಬರಿಹ’ (ಇದ್ದೆಡೆಯಿಂದ ಕದಲಿದನು) ಎಂಬ ಆರು ಪದಗಳು ದೊರೆಯುತ್ತವೆ. ಕೊನೆಯದರ ಧಾತು ಬ-ರ-ಹ ಎಂದಾದರೂ ಕನ್ನಡದ ‘ಬರಹ’ಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಆಟದ ಪ್ರಯೋಜನ ಪದಸಂಪತ್ತಿಗಷ್ಟೇ ಸೀಮಿತವಲ್ಲ. ರಾ ಮುಂದಿನ ಅಕ್ಷರವನ್ನು ಕೂಡಿಕೊಳ್ಳದ ಕಾರಣ ಅದರ ಸ್ಥಾನ ಬದಲಾದಂತೆ ಉಳಿದೆರಡರ ರೂಪವೂ ಬದಲಾಗುತ್ತದೆ. ಬಾ ಅಕ್ಷರವು ‘ಬಹ್ರ್’ನಲ್ಲಿ ಆದಿರೂಪ, ‘ಹಿಬ್ರ್’ನಲ್ಲಿ ಮಧ್ಯರೂಪ, ‘ರಹ್ಬ್’ನಲ್ಲಿ ಅಂತ್ಯರೂಪ, ‘ಹರ್ಬ್’ನಲ್ಲಿ ಬಿಡಿರೂಪ ತಾಳುತ್ತದೆ. ಹಾ ಅಕ್ಷರವು ‘ಹಿಬ್ರ್’ನಲ್ಲಿ ಆದಿ, ‘ಬಹ್ರ್’ನಲ್ಲಿ ಮಧ್ಯ, ‘ರಿಬ್ಹ್’ನಲ್ಲಿ ಅಂತ್ಯ, ‘ಬರಿಹ’ದಲ್ಲಿ ಬಿಡಿರೂಪ ಪಡೆಯುತ್ತದೆ. ಹೀಗೆ ಮೂರೇ ಅಕ್ಷರಗಳ ಆರು ಪದಗಳಲ್ಲಿ ಎರಡು ಅಕ್ಷರಗಳ ನಾಲ್ಕೂ ರೂಪಗಳ ಅಭ್ಯಾಸವಾಗುತ್ತದೆ. ಅಕ್ಷರರೂಪಗಳ ಕೋಷ್ಟಕವನ್ನು ನಕಲು ಮಾಡುವಾಗ ವಿದ್ಯಾರ್ಥಿ ಯಾವ ರೂಪವನ್ನೂ ಆರಿಸುವುದಿಲ್ಲ. ಇಲ್ಲಿ ಪ್ರತಿ ಪದಕ್ಕೂ ಆರಿಸಲೇಬೇಕು.

4.2. ಚುಕ್ಕೆಯ ಆಟ. ಒಂದು ತಂಡ ಚುಕ್ಕೆಗಳಿಲ್ಲದ ಗೆರೆಯನ್ನು ಹಲಗೆಯ ಮೇಲೆ ಬರೆಯುತ್ತದೆ. ಇನ್ನೊಂದು ತಂಡ ಚುಕ್ಕೆಗಳನ್ನಿಟ್ಟು ಸಾಧ್ಯವಿರುವಷ್ಟು ಅರ್ಥವುಳ್ಳ ಪದಗಳನ್ನು ಮಾಡುತ್ತದೆ. ಮುಂದುವರಿದ ವಿದ್ಯಾರ್ಥಿಗಳು ಹರೀರಿಯನ್ನು ಅನುಸರಿಸಿ ಚುಕ್ಕೆಯಿಲ್ಲದ ಅಕ್ಷರಗಳಿಂದ ಮಾತ್ರ ಒಂದು ವಾಕ್ಯವನ್ನು ಕಟ್ಟಲು ಯತ್ನಿಸಬಹುದು. ಚುಕ್ಕೆಯನ್ನು ಕೊನೆಗೆ ಇಡುವ ಅಲಂಕಾರವೆಂದು ಭಾವಿಸುವ ಪ್ರವೃತ್ತಿ ಇದರಿಂದ ತಗ್ಗುತ್ತದೆ.

4.3. ಧಾತು ಮತ್ತು ಅಚ್ಚಿನ ಆಟ. ಅರಬ್ಬಿ ವೈಯಾಕರಣರು ಪದರಚನೆಯ ಅಚ್ಚುಗಳನ್ನು ಫಾ, ಐನ್, ಲಾಮ್ ಎಂಬ ಮೂರು ಅಕ್ಷರಗಳ ಮಾದರಿಯಲ್ಲಿ ಸೂಚಿಸುತ್ತಾರೆ. ಕ-ತ-ಬ ಧಾತುವನ್ನು ಕರ್ತೃವಾಚಕ ಅಚ್ಚಿಗೆ ಹಾಕಿದರೆ ‘ಕಾತಿಬ್’ (ಬರೆಯುವವನು), ಕರ್ಮವಾಚಕಕ್ಕೆ ಹಾಕಿದರೆ ‘ಮಕ್ತೂಬ್’ (ಬರೆಯಲ್ಪಟ್ಟದ್ದು), ಸ್ಥಳವಾಚಕಕ್ಕೆ ಹಾಕಿದರೆ ‘ಮಕ್ತಬ್’ (ಕಚೇರಿ). ಧಾತುಗಳಿಗೊಂದು, ಅಚ್ಚುಗಳಿಗೊಂದು ಎಂದು ಎರಡು ಕಟ್ಟು ಚೀಟಿಗಳನ್ನು ಮಾಡಿ, ಪ್ರತಿಯೊಂದರಿಂದ ಒಂದೊಂದು ಚೀಟಿ ತೆಗೆದು ಪದ ಬರೆಯುವುದು ಆಟದ ಕ್ರಮ. ಅಡುಗೆಯ ಧಾತುವಿನಿಂದ ‘ಮತ್ಬಖ್’ (ಅಡುಗೆಮನೆ), ಆಟದ ಧಾತುವಿನಿಂದ ‘ಮಲ್ಅಬ್’ (ಆಟದ ಬಯಲು) ಎಂಬ ಪದಗಳನ್ನು ವಿದ್ಯಾರ್ಥಿಗಳು ಪಾಠಕ್ಕೆ ಮೊದಲೇ ಊಹಿಸಿ ಬರೆಯಬಲ್ಲರು.

ಊಹೆ ತಪ್ಪುವ ಸಂದರ್ಭವೂ ಉಪಯುಕ್ತವೇ. ಸ-ಜ-ದ ಧಾತುವಿನಿಂದ ‘ಮಸ್ಜದ್’ ಎಂದು ಬರೆದವರಿಗೆ ರೂಢಿಯಲ್ಲಿರುವ ರೂಪ ‘ಮಸ್ಜಿದ್’ ಎಂಬುದು ನಿಘಂಟಿನಿಂದ ತಿಳಿಯುತ್ತದೆ. ಆದುದರಿಂದ ಈ ಆಟದಲ್ಲಿ ತೀರ್ಪುಗಾರನ ಸ್ಥಾನ ನಿಘಂಟಿನದಾಗಿರಬೇಕು. ಹಾನ್ಸ್ ವೇರ್ ನಿಘಂಟಿನಂತಹ ಪ್ರಮುಖ ಆಕರಗಳು ಧಾತುಕ್ರಮದಲ್ಲಿರುವುದರಿಂದ, ಪದದಿಂದ ಧಾತುವನ್ನು ಬಿಡಿಸಲು ಬಾರದವರಿಗೆ ಅವು ತೆರೆದುಕೊಳ್ಳುವುದಿಲ್ಲ. ಆಟದಲ್ಲಿ ಪುಟ ತಿರುವಿದ ಅಭ್ಯಾಸ ಮುಂದೆ ಒಬ್ಬಂಟಿಯಾಗಿ ಬರೆಯುವಾಗ ನೆರವಾಗುತ್ತದೆ.

4.4. ಹಮ್ಜದ ಆಟ. ಹಮ್ಜ ಎಂಬ ಕಂಠ್ಯಧ್ವನಿಯ ಚಿಹ್ನೆಗೆ ಯಾವ ಪೀಠ ಎಂಬುದು ಅನುಭವಿಗಳನ್ನೂ ಕಾಡುವ ಪ್ರಶ್ನೆ. ಪದಮಧ್ಯದಲ್ಲಿ ಸಾಮಾನ್ಯವಾಗಿ ಹಮ್ಜದ ಸ್ವರ ಮತ್ತು ಅದರ ಹಿಂದಿನ ಸ್ವರಗಳನ್ನು ಹೋಲಿಸಿ, ಹೆಚ್ಚು ಬಲವುಳ್ಳದ್ದಕ್ಕೆ ತಕ್ಕ ಪೀಠವನ್ನು ಕೊಡಬೇಕು. ಇಕಾರ ಎಲ್ಲಕ್ಕಿಂತ ಬಲಶಾಲಿ, ಅನಂತರ ಉಕಾರ, ಆಮೇಲೆ ಅಕಾರ, ಕೊನೆಯಲ್ಲಿ ಸ್ವರರಹಿತ ಸ್ಥಿತಿ. ಈ ನಿಯಮದ ರಚನೆಯೇ ಇಸ್ಪೀಟಿನ ತುರುಫಿನಂತಿದೆ. ಇಬ್ಬರು ಆಟಗಾರರು ಸ್ವರದ ಚೀಟಿಗಳನ್ನು ಇಳಿಸುತ್ತಾರೆ. ಗೆದ್ದ ಚೀಟಿ ಪೀಠವನ್ನು ನಿರ್ಣಯಿಸುತ್ತದೆ. ‘ಸುಆಲ್’ (ಪ್ರಶ್ನೆ) ಪದದಲ್ಲಿ ಉಕಾರವು ಆಕಾರವನ್ನು ಗೆಲ್ಲುವುದರಿಂದ ಪೀಠ ವಾವ್. ಬಾವಿ ಎಂಬರ್ಥದ ಪದದಲ್ಲಿ ಹಿಂದಿನ ಇಕಾರ ಗೆಲ್ಲುವುದರಿಂದ ಪೀಠ ಯಾ. ತಲೆ ಎಂಬರ್ಥದ ಪದದಲ್ಲಿ ಅಕಾರ ಗೆಲ್ಲುವುದರಿಂದ ಪೀಠ ಅಲಿಫ್. ದೀರ್ಘಸ್ವರದ ಬಳಿಕ ಬರುವ ಹಮ್ಜದಂತಹ ಅಪವಾದಗಳನ್ನು ನಿಯಮ ರೂಢಿಯಾದ ಮೇಲೆ ವಿಶೇಷ ಚೀಟಿಗಳಾಗಿ ಸೇರಿಸಬಹುದು.

4.5. ಬೆಳೆಯುವ ವಾಕ್ಯ. ಮೇಲಿನ ನಾಲ್ಕೂ ಆಟಗಳು ಪದದ ಗಡಿಯೊಳಗಿವೆ. ಬರೆಹವೆಂದರೆ ವಾಕ್ಯ. ‘ಕತಬ’ ಎಂಬ ಕ್ರಿಯಾಪದದಿಂದ ಆರಂಭಿಸಿ ಪ್ರತಿ ಆಟಗಾರನೂ ಒಂದು ಪದ ಸೇರಿಸಬೇಕು ಅಥವಾ ಒಂದು ಪದವನ್ನು ಸ್ಥಳಾಂತರಿಸಬೇಕು. ಪ್ರತಿ ಬಾರಿಯೂ ಇಡೀ ವಾಕ್ಯವನ್ನು ಹೊಸದಾಗಿ ಬರೆಯಬೇಕು. ಹುಡುಗನ ಬದಲು ಹುಡುಗಿ ಬಂದರೆ ಕ್ರಿಯಾಪದ ‘ಕತಬತ್’ ಆಗುತ್ತದೆ. ಕರ್ತೃಪದವು ಕ್ರಿಯಾಪದದ ನಂತರ ಇದ್ದಾಗ ಹುಡುಗರು ಹಲವರಿದ್ದರೂ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ. ಕರ್ತೃಪದವನ್ನು ಮುಂದೆ ತಂದೊಡನೆ ‘ಕತಬೂ’ ಎಂಬ ಬಹುವಚನವೂ ಅದರ ಮೌನ ಅಲಿಫ್ ಕೂಡ ಅಗತ್ಯವಾಗುತ್ತವೆ. ಒಂದು ಪದದ ಸ್ಥಾನ ಇನ್ನೊಂದರ ಕಾಗುಣಿತವನ್ನು ಬದಲಿಸುವುದು ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಅರಬ್ಬಿ ಮನೆಮಾತಿನವರಿಗಾದರೆ ಆಡುಮಾತಿನ ವಾಕ್ಯವೊಂದನ್ನು ಕೊಟ್ಟು, ಅದು ಪೂರ್ಣ ಫುಸ್‌ಹಾ ಆಗುವವರೆಗೆ ಸರದಿಯಂತೆ ಒಂದೊಂದು ಪದವನ್ನು ಬದಲಿಸುವ ಕ್ರಮ ಹೆಚ್ಚು ಸೂಕ್ತ. ಅವರಿಗೆ ಫುಸ್‌ಹಾ ಪಾಠ ಮತ್ತು ಪರೀಕ್ಷೆಗಳ ಭಾಷೆ. ಗೆಳೆಯರೊಡನೆ ಅದನ್ನು ಬಳಸುವ ಅವಕಾಶ ಕಡಿಮೆ. 1979ರಲ್ಲಿ ಕುವೈತಿನಿಂದ ಆರಂಭವಾದ ‘ಇಫ್ತಹ್ ಯಾ ಸಿಮ್‌ಸಿಮ್’ ಎಂಬ ಮಕ್ಕಳ ದೂರದರ್ಶನ ಕಾರ್ಯಕ್ರಮವು ಸರಳ ಫುಸ್‌ಹಾದಲ್ಲಿ ನಗು ಮತ್ತು ಆಟ ಎರಡೂ ಸಾಧ್ಯವೆಂದು ತೋರಿಸಿತ್ತು.

5. ಕನ್ನಡ ಭಾಷಿಕ ಕಲಿಕಾರ್ಥಿ

ಕನ್ನಡ ಬಲ್ಲವರು ಅರಬ್ಬಿ ಬರೆಹಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಹ್ರಸ್ವದೀರ್ಘ ಭೇದ ಅರ್ಥಭೇದಕವಾಗಿರುವುದರಿಂದ ‘ಕತಬ’ಕ್ಕೂ ‘ಕಾತಬ’ಕ್ಕೂ (ಪತ್ರವ್ಯವಹಾರ ನಡೆಸಿದನು) ಇರುವ ವ್ಯತ್ಯಾಸ ಅವರ ಕಿವಿಗೆ ಕೂಡಲೇ ತಿಳಿಯುತ್ತದೆ. ಎರಡನೆಯದರಲ್ಲಿ ಮಾತ್ರ ಅಲಿಫ್ ಬರೆಯಬೇಕೆಂಬುದನ್ನು ಅವರು ಬೇಗ ಗ್ರಹಿಸುತ್ತಾರೆ. ಒತ್ತಕ್ಷರಗಳ ರೂಢಿಯಿಂದ ದ್ವಿತ್ವವೂ ಸುಲಭವಾಗಿ ತಿಳಿಯುತ್ತದೆ.

ತೊಡಕಿರುವುದು ಬೇರೆಡೆ. ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ಕೆಲವು ಮುಖ್ಯ ಭೇದಗಳನ್ನು ಅಳಿಸಿಬಿಡುತ್ತದೆ. ಕನ್ನಡದಲ್ಲಿ ‘ಸೈಫ್’ ಎಂದು ಬರೆದರೆ ಅದು ಖಡ್ಗವೂ ಹೌದು, ಬೇಸಗೆಯೂ ಹೌದು. ‘ತೀನ್’ ಎಂದರೆ ಅಂಜೂರವೂ ಹೌದು, ಜೇಡಿಮಣ್ಣೂ ಹೌದು. ‘ಕಲ್ಬ್’ ಎಂಬುದು ಹೃದಯವೋ ನಾಯಿಯೋ ತಿಳಿಯದು. ಅರಬ್ಬಿಯಲ್ಲಿ ಈ ಜೋಡಿಗಳನ್ನು ಬೇರೆ ಬೇರೆ ಅಕ್ಷರಗಳಿಂದ ಬರೆಯಲಾಗುತ್ತದೆ. ಇಂತಹ ಜೋಡಿಗಳನ್ನು ಉಕ್ತಲೇಖನದ ಆಟಕ್ಕೆ ಆರಿಸಿಕೊಳ್ಳುವುದು ಒಳಿತು.

ಪಾರಸಿ, ಉರ್ದು, ಮರಾಠಿಗಳ ಮೂಲಕ ಕನ್ನಡಕ್ಕೆ ಬಂದಿರುವ ಅರಬ್ಬಿ ಮೂಲದ ಪದಗಳು ಇನ್ನೊಂದು ಆಟಕ್ಕೆ ಸಾಮಗ್ರಿ ಒದಗಿಸುತ್ತವೆ. ‘ಜಮೆ’, ‘ಜಕಾತಿ’, ‘ಹಾಜರು’, ‘ಜಾಹೀರು’, ‘ಮಜಕೂರು’ ಎಂಬ ಐದರಲ್ಲಿಯೂ ನಾವು ಬರೆಯುವುದು ಒಂದೇ ‘ಜ’. ಮೂಲದಲ್ಲಿ ಅವು ಕ್ರಮವಾಗಿ ಜೀಮ್, ಜಾಯ್, ದಾದ್, ಝಾ ಮತ್ತು ಧಾಲ್ ಎಂಬ ಐದು ಬೇರೆ ಅಕ್ಷರಗಳು. ಪದವನ್ನು ಮೂಲಾಕ್ಷರಗಳಲ್ಲಿ ಪುನಃ ಬರೆಯುವುದು ಆಟದ ಮೊದಲ ಹಂತ. ಒಂದೇ ಧಾತುವಿನ ಬಂಧುಗಳನ್ನು ಒಟ್ಟುಗೂಡಿಸುವುದು ಎರಡನೆಯದು: ‘ಹಾಜರು’ ಮತ್ತು ‘ಹುಜೂರು’, ‘ಮಹಸೂಲು’ ಮತ್ತು ‘ತಹಸೀಲು’, ‘ಜಮೆ’, ‘ಜಮಾತು’ ಮತ್ತು ‘ಜುಮ್ಮಾ’, ‘ಅಮಲು’, ‘ಮಾಮೂಲು’ ಮತ್ತು ‘ಮಾಮಲೇದಾರ’ದ ಪೂರ್ವಭಾಗ. ‘ಮಾಮೂಲು’ ಮತ್ತು ‘ಮಹಸೂಲು’ ಎರಡೂ ‘ಮಕ್ತೂಬ್’ ಪದದ ಅಚ್ಚಿನಲ್ಲೇ ಮೂಡಿದವು ಎಂಬುದನ್ನು ವಿದ್ಯಾರ್ಥಿಗಳು ತಾವಾಗಿ ಕಂಡುಕೊಳ್ಳಬಲ್ಲರು. ಅರ್ಥಪಲ್ಲಟದ ಎಚ್ಚರವೂ ಇಲ್ಲಿ ಅಗತ್ಯ. ಕನ್ನಡದಲ್ಲಿ ಜಗಳ ಅಥವಾ ಆಕ್ಷೇಪವಾಗಿರುವ ‘ತಕರಾರು’ ಅರಬ್ಬಿಯಲ್ಲಿ ಪುನರಾವರ್ತನೆ.

6. ಮಿತಿಗಳು ಮತ್ತು ಮೌಲ್ಯಮಾಪನ

ಆಟ ಮುಗಿದಾಗ ತರಗತಿಯಲ್ಲಿ ಉತ್ಸಾಹವಿತ್ತು ಎಂಬುದು ಬರೆಹ ಸುಧಾರಿಸಿತೆಂಬುದಕ್ಕೆ ಸಾಕ್ಷ್ಯವಲ್ಲ. ಆಟಕ್ಕೆ ಮೊದಲು ಮತ್ತು ಕೆಲವು ದಿನಗಳ ನಂತರ ನೆರವಿಲ್ಲದೆ ಬರೆದ ನಾಲ್ಕಾರು ವಾಕ್ಯಗಳನ್ನು ಹೋಲಿಸಿ, ಆ ಆಟ ಉದ್ದೇಶಿಸಿದ ತಪ್ಪುಗಳನ್ನು ಮಾತ್ರ ಎಣಿಸಬೇಕು. ಹಮ್ಜದ ಆಟವಾಡಿದ ತರಗತಿಯಲ್ಲಿ ಹಮ್ಜದ ತಪ್ಪು ತಗ್ಗದಿದ್ದರೆ ನಿಯಮವನ್ನೋ ಆಟವನ್ನೋ ಬದಲಿಸಬೇಕು.

ವೇಗಕ್ಕೆ ಬಹುಮಾನವಿರುವಲ್ಲಿ ಮೊದಲೇ ಬಲ್ಲವರು ಗೆಲ್ಲುತ್ತಾರೆ. ಅಭ್ಯಾಸ ಅಗತ್ಯವಿರುವವರು ಪ್ರೇಕ್ಷಕರಾಗುತ್ತಾರೆ. ತಂಡದ ಪ್ರತಿ ಸದಸ್ಯನೂ ಸರದಿಯಂತೆ ಬರೆಯಬೇಕೆಂಬ ನಿಯಮ ಮತ್ತು ಎದುರಾಳಿಯ ತಪ್ಪನ್ನು ಗುರುತಿಸಿ ಕಾರಣಸಹಿತ ತಿದ್ದಿದವರಿಗೂ ಅಂಕ ನೀಡುವ ಕ್ರಮ ಈ ದೋಷವನ್ನು ತಗ್ಗಿಸುತ್ತವೆ. ಆಟದಲ್ಲಿ ದೊರೆತ ಪದಗಳನ್ನು ಅಂದೇ ಸ್ವಂತ ವಾಕ್ಯಗಳಲ್ಲಿ ಬಳಸದಿದ್ದರೆ ಅವು ಪಟ್ಟಿಯಾಗಿಯೇ ಉಳಿಯುತ್ತವೆ.

7. ಉಪಸಂಹಾರ

ಪದದಾಟ ವ್ಯಾಕರಣಪಾಠಕ್ಕೆ ಬದಲಿಯಲ್ಲ, ದೀರ್ಘ ಪ್ರಬಂಧರಚನೆಗೆ ಪರ್ಯಾಯವೂ ಅಲ್ಲ. ಇವೆರಡರ ನಡುವಣ ಅಭ್ಯಾಸದ ಅಂತರವನ್ನು ತುಂಬುವುದು ಅದರ ಕೆಲಸ. ಹಾಗಾಗಿ ಶಿಕ್ಷಕರು ಆಟವನ್ನು ಆರಿಸುವ ಮೊದಲು ತಮ್ಮ ವಿದ್ಯಾರ್ಥಿಗಳ ಬರೆಹದ ಪುಟಗಳನ್ನು ಓದಿ, ಕೈ ಎಲ್ಲಿ ತಡೆಯುತ್ತಿದೆ ಎಂಬುದನ್ನು ಗುರುತಿಸುವುದು ಅವಶ್ಯ. ಕೂಡುರೂಪದಲ್ಲಿ ತಡೆಯುವವರಿಗೆ ಪಲ್ಲಟನೆಯ ಆಟ, ಪದರಚನೆಯಲ್ಲಿ ತಡೆಯುವವರಿಗೆ ಅಚ್ಚಿನ ಆಟ, ವಾಕ್ಯದಲ್ಲಿ ತಡೆಯುವವರಿಗೆ ಬೆಳೆಯುವ ವಾಕ್ಯ. ಇಬ್ನ್ ಖಲ್ದೂನ್ ಹೇಳಿದ ‘ಮಲಕ’ ಪುನರಾವರ್ತನೆಯಿಂದ ಬರುವಂಥದು. ಬೇಸರವಿಲ್ಲದೆ ಒಂದೇ ಕೆಲಸವನ್ನು ನೂರು ಬಾರಿ ಮಾಡಿಸುವ ಶಕ್ತಿ ಆಟಕ್ಕಿದೆ. ಆ ಕೆಲಸ ಬರೆಹದ್ದೇ ಆಗಿರುವಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.